ಸ್ಟ್ರೋಕ್ ಆದಮೇಲೆ ಬ್ಯಾಲೆನ್ಸ್‌ಗೆ ಯಾವ ನಡಿಗೆ? ಹಜಾರ, ಟ್ರೆಡ್‌ಮಿಲ್, ರೋಬೋಟ್, ಹಿಮ್ಮುಖ, ರಸ್ತೆ: ಒಂದು ಹೋಲಿಕೆ

ಸ್ಟ್ರೋಕ್ ಆದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: "ನಡೆಸಿ, ನಡೆಸಿ." ಡಾಕ್ಟರು ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ನೋಡಲು ಬಂದ ಚಿಕ್ಕಪ್ಪನೂ ಹೇಳಿ ಹೋಗುತ್ತಾರೆ. ಎಲ್ಲಿ, ಹೇಗೆ, ಎಷ್ಟು ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಮಗ ಟ್ರೆಡ್‌ಮಿಲ್ ತರಿಸೋಣ ಅಂತಾನೆ. ಸೊಸೆ ಬೆಳಿಗ್ಗೆ ಪಾರ್ಕಿಗೆ ಕರೆದುಕೊಂಡು ಹೋಗೋಣ ಅಂತಾಳೆ. ಯಾರೋ ರೋಬೋಟ್ ಇರುವ ಸೆಂಟರಿನ ವಿಡಿಯೊ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ.

ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಹೆಚ್ಚಿನ ಮನೆಗಳಲ್ಲಿ ಕಾಣುವುದು ಒಂದೇ ನೋಟ. ಹಜಾರದಲ್ಲಿ ಈ ಗೋಡೆಯಿಂದ ಆ ಗೋಡೆಗೆ, ಇನ್ನೊಬ್ಬರ ತೋಳು ಬಿಗಿಯಾಗಿ ಹಿಡಿದು, ನೇರ ನಡಿಗೆ. ಇದರಿಂದ ಕಾಲಿಗೆ ಕಸುವು ಬರುತ್ತದೆ, ದಮ್ಮು ಹೆಚ್ಚುತ್ತದೆ. ಬ್ಯಾಲೆನ್ಸ್ ಮಾತ್ರ ಅಷ್ಟಕ್ಕಷ್ಟೇ. ಮೈ ಸ್ವಲ್ಪ ವಾಲಬೇಕು, ವಾಲಿದ್ದನ್ನು ತಾನೇ ಸರಿಮಾಡಿಕೊಳ್ಳಬೇಕು. ಹಾಗೆ ಸರಿಮಾಡಿಕೊಂಡಷ್ಟೂ ಬ್ಯಾಲೆನ್ಸ್ ಕೂಡಿಬರುತ್ತದೆ. ಪೂರ್ತಿ ಭಾರ ಪಕ್ಕದವರ ಮೇಲೆ ಹಾಕಿ ನಡೆದರೆ, ಸರಿಮಾಡುವ ಕೆಲಸವೆಲ್ಲ ಪಕ್ಕದವರದ್ದೇ ಆಗುತ್ತದೆ. ಹಾಗಾಗಿ ಕೆಳಗಿನ ಪ್ರತಿ ಆಯ್ಕೆಗೂ ನಾನು ಕೇಳುವ ಪ್ರಶ್ನೆ ಇದು: ಈ ನಡಿಗೆ ಬ್ಯಾಲೆನ್ಸ್ ಅನ್ನು ಕೇಳುತ್ತದಾ, ಇಲ್ಲಾ ತಾನೇ ಒದಗಿಸಿಬಿಡುತ್ತದಾ?

ಬೀಳುವ ಭಯ ಸುಮ್ಮನೆ ಬಂದಿದ್ದಲ್ಲ. ಆಸ್ಪತ್ರೆಯಿಂದ ಮನೆಗೆ ಹೋದ 108 ಸ್ಟ್ರೋಕ್ ರೋಗಿಗಳನ್ನು ಆರು ತಿಂಗಳು ಗಮನಿಸಿದ ಇಂಗ್ಲೆಂಡಿನ ಒಂದು ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಅವರಲ್ಲಿ 79 ಮಂದಿ ಒಮ್ಮೆಯಾದರೂ ಬಿದ್ದಿದ್ದರು. ಬಿದ್ದು ಸೊಂಟದ ಮೂಳೆ ಮುರಿದರೆ ಅಲ್ಲಿವರೆಗೆ ಗಳಿಸಿದ್ದೆಲ್ಲ ಹೋಗುತ್ತದೆ. ಆದರೆ ಬೀಳುತ್ತಾರೆ ಅಂತ ಮಂಚದ ಮೇಲೇ ಕೂರಿಸಿದರೆ ಕಾಲು ಇನ್ನಷ್ಟು ಸೋಲುತ್ತದೆ, ಮುಂದೆ ಬೀಳುವುದು ಇನ್ನೂ ಸುಲಭವಾಗುತ್ತದೆ.

ಮೊದಲು ಹತ್ತು ಟೈಲ್ಸ್ ನಡೆಸಿ ನೋಡಿ

ಆಯ್ಕೆಗೆ ಮುಂಚೆ ಅವರು ಇವತ್ತು ಹೇಗೆ ನಡೆಯುತ್ತಾರೆ ಅಂತ ಗೊತ್ತಾಗಬೇಕು. ಆಸ್ಪತ್ರೆಗಳಲ್ಲಿ ಇದಕ್ಕೆ ಹತ್ತು ಮೀಟರ್ ನಡಿಗೆಯ ಪರೀಕ್ಷೆ ಇದೆ. ಬರ್ಗ್ ಬ್ಯಾಲೆನ್ಸ್ ಸ್ಕೇಲ್ ಅಂತ 14 ಚಟುವಟಿಕೆಗಳ, 56 ಅಂಕಗಳ ಇನ್ನೊಂದು ಪರೀಕ್ಷೆಯೂ ಇದೆ. ಫಿಸಿಯೋ ಹತ್ತಿರ ಅದನ್ನೊಮ್ಮೆ ಮಾಡಿಸಿ. ಮನೆಯಲ್ಲಿ ನೀವೇ ನೋಡಿಕೊಳ್ಳಲು ನೆಲದ ಟೈಲ್ಸ್ ಸಾಕು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಎರಡಡಿಗೆ ಎರಡಡಿಯ ಟೈಲ್ಸ್ ಇರುತ್ತದೆ. ಹತ್ತು ಟೈಲ್ಸ್ ಅಂದರೆ ಇಪ್ಪತ್ತು ಅಡಿ, ಹತ್ತಿರ ಹತ್ತಿರ ಆರು ಮೀಟರ್. ಎರಡು ಟೈಲ್ಸ್ ಹಿಂದಿನಿಂದ ಹೊರಡಿಸಿ. ಮೊದಲ ಟೈಲ್ಸಿನ ಗೆರೆ ದಾಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಹತ್ತನೆಯದು ದಾಟಿದಾಗ ನಿಲ್ಲಿಸಿ. ಅವರ ಮಾಮೂಲಿ ವೇಗದಲ್ಲೇ ನಡೆಯಲಿ, ಪಕ್ಕದಲ್ಲಿ ಒಬ್ಬರು ಇರಲಿ. ಕೋಲು ಬಳಸುವವರು ಕೋಲು ಹಿಡಿದೇ ನಡೆಯಲಿ.

15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಅವರದು ಸದ್ಯಕ್ಕೆ ಮನೆಯೊಳಗಿನ ನಡಿಗೆ. ಏಳೂವರೆಯಿಂದ 15ರ ನಡುವೆ ಇದ್ದರೆ ಜೊತೆಗೊಬ್ಬರು ಇದ್ದು ಬೀದಿಗೆ ಇಳಿಯಬಹುದು. ಏಳೂವರೆಗಿಂತ ಕಡಿಮೆಯಾದರೆ ಹೊರಗೆ ಓಡಾಡುವಷ್ಟು ವೇಗ ಬಂದಿದೆ. ಈ ಗಡಿಗಳು ನನ್ನ ಕಲ್ಪನೆಯಲ್ಲ. ಸೆಕೆಂಡಿಗೆ 0.4 ಮತ್ತು 0.8 ಮೀಟರ್ ಅಂತ ಅಮೆರಿಕದಲ್ಲಿ 1995ರಲ್ಲಿ ಹಾಕಿದ ಗಡಿಗಳನ್ನು ಇವತ್ತಿಗೂ ಬಳಸುತ್ತಾರೆ. ನಾನು ಅದನ್ನು ಟೈಲ್ಸ್ ಲೆಕ್ಕಕ್ಕೆ ತಂದಿದ್ದೇನೆ ಅಷ್ಟೇ.

ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಕುರ್ಚಿಯಿಂದ ಎದ್ದು, ಮೂರು ಮೀಟರ್ ಅಂದರೆ ಐದು ಟೈಲ್ಸ್ ಹೋಗಿ, ತಿರುಗಿ ಬಂದು ಕೂರುವುದು. ಇಲ್ಲಿ ಸಮಯಕ್ಕಿಂತ ನಾನು ತಿರುಗುವುದನ್ನು ನೋಡುತ್ತೇನೆ. ಒಂದೇ ಜಾಗದಲ್ಲಿ ಏಳೆಂಟು ಸಣ್ಣ ಹೆಜ್ಜೆ ಹಾಕಿ, ಸೋತ ಕಾಲನ್ನು ತಿರುಚಿಕೊಂಡು ತಿರುಗಿದರೆ ನೇರ ನಡಿಗೆ ಎಷ್ಟೇ ಚೆನ್ನಾಗಿದ್ದರೂ ಅಭ್ಯಾಸ ಬಾಕಿ ಇದೆ ಅಂತ ಅರ್ಥ.

ಇನ್ನೂ ನಡೆಯಲು ಆಗದವರಿಗೆ: ಸರಳುಗಳಾ, ರೋಬೋಟಾ?

ಮೊದಲ ಒಂದೆರಡು ದಿನ ಅವಸರ ಬೇಡ. 2104 ರೋಗಿಗಳಿದ್ದ ಅವರ್ಟ್ ಎಂಬ ದೊಡ್ಡ ಅಧ್ಯಯನ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸ್ಟ್ರೋಕ್ ಆದ 24 ಗಂಟೆಯೊಳಗೇ ಎಬ್ಬಿಸಿ, ಪದೇಪದೇ ಜಾಸ್ತಿ ಹೊತ್ತು ಓಡಾಡಿಸಿದವರಲ್ಲಿ ಮೂರು ತಿಂಗಳ ಹೊತ್ತಿಗೆ ಒಳ್ಳೆಯ ಚೇತರಿಕೆ ಕಂಡವರು ಕಡಿಮೆಯಿದ್ದರು. ಯಾವಾಗ ಎಬ್ಬಿಸಬೇಕು ಅನ್ನುವುದನ್ನು ವಾರ್ಡಿನ ಡಾಕ್ಟರಿಗೇ ಬಿಡಿ.

ಆಮೇಲೆ ಮೂರು ದಾರಿಗಳಿವೆ. ಒಂದು, ಫಿಸಿಯೋ ವಿಭಾಗದಲ್ಲಿ ಎರಡು ಕಬ್ಬಿಣದ ಸರಳುಗಳ ನಡುವೆ ನಿಂತು ಹೆಜ್ಜೆ ಹಾಕುವುದು. ಎರಡು, ಮೇಲಿಂದ ಬೆಲ್ಟು ಕಟ್ಟಿ ದೇಹದ ಭಾರ ಸ್ವಲ್ಪ ಎತ್ತಿಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸುವುದು. ಮೂರು, ಕಾಲಿಗೆ ಯಂತ್ರ ಕಟ್ಟಿ ಅದೇ ಹೆಜ್ಜೆ ಹಾಕಿಸುವ ರೋಬೋಟ್.

ರೋಬೋಟ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ. ಸ್ಟ್ರೋಕ್ ಆಗಿ ಮೂರು ತಿಂಗಳೊಳಗಿದ್ದು, ಸ್ವಂತವಾಗಿ ಒಂದು ಹೆಜ್ಜೆಯೂ ಬರದಿದ್ದರೆ, ಖರ್ಚು ಭರಿಸಲು ಆಗುವುದಾದರೆ, ಮಾಮೂಲಿ ಫಿಸಿಯೋಥೆರಪಿಯ ಜೊತೆಗೆ ಅದನ್ನು ಸೇರಿಸುವುದರಲ್ಲಿ ಅರ್ಥವಿದೆ. ಅಂಥವರಲ್ಲಿ ಸ್ವಂತವಾಗಿ ನಡೆಯುವವರ ಸಂಖ್ಯೆ ಹೆಚ್ಚುತ್ತದೆ ಅಂತ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ ಕಾಕ್ರೇನ್ ವರದಿಗಳು ಹೇಳಿವೆ. ಆದರೆ ಆರು ತಿಂಗಳು ಕಳೆದು, ತಕ್ಕಮಟ್ಟಿಗೆ ನಡೆಯುತ್ತಿರುವವರ ವಿಷಯ ಬೇರೆ. ಅವರ ವೇಗ ಮತ್ತು ದೂರ ಹೆಚ್ಚಿಸಲು ರೋಬೋಟ್ ಬೇಡ, ಬೆಲ್ಟು ಕಟ್ಟಿದ ಟ್ರೆಡ್‌ಮಿಲ್ಲೂ ಬೇಡ ಅಂತ 2020ರಲ್ಲಿ ಬಂದ ಅಮೆರಿಕದ ಫಿಸಿಯೋಥೆರಪಿಸ್ಟ್‌ಗಳ ಮಾರ್ಗಸೂಚಿ ಹೇಳುತ್ತದೆ. ಹೆಜ್ಜೆಯನ್ನು ಯಂತ್ರವೇ ಹಾಕಿಬಿಟ್ಟರೆ ಮನುಷ್ಯನಿಗೆ ಉಳಿಯುವ ಕೆಲಸವಾದರೂ ಏನು?

ಬೆಲ್ಟಿನ ಟ್ರೆಡ್‌ಮಿಲ್ ಬಗ್ಗೆ ದೊಡ್ಡ ಪರೀಕ್ಷೆಯೊಂದು ನಡೆದಿದೆ. ಲೀಪ್ಸ್ ಅಂತ ಅದರ ಹೆಸರು, 408 ರೋಗಿಗಳು, ಫಲಿತಾಂಶ ಬಂದದ್ದು 2011ರಲ್ಲಿ. ಕೆಲವರಿಗೆ ಬೆಲ್ಟು ಕಟ್ಟಿ ಟ್ರೆಡ್‌ಮಿಲ್, ಇನ್ನು ಕೆಲವರಿಗೆ ಫಿಸಿಯೋ ಮನೆಗೇ ಬಂದು ಶಕ್ತಿ ಮತ್ತು ಬ್ಯಾಲೆನ್ಸಿನ ವ್ಯಾಯಾಮ. ವರ್ಷದ ಕೊನೆಗೆ ನೂರಕ್ಕೆ 52 ಮಂದಿ ಸುಧಾರಿಸಿದ್ದರು, ಮತ್ತು ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಜಿಲ್ಲಾ ಆಸ್ಪತ್ರೆಯ ಫಿಸಿಯೋ ವಿಭಾಗಕ್ಕೆ ಹೋಗುವವರು, ಮನೆಯಲ್ಲೇ ಮಾಡುವವರು ದೊಡ್ಡ ಯಂತ್ರ ಸಿಗಲಿಲ್ಲ ಅಂತ ಕೊರಗಬೇಕಾಗಿಲ್ಲ.

ಹಜಾರದ ನೆಲ ಮತ್ತು ಟ್ರೆಡ್‌ಮಿಲ್

ಮನೆಯ ಟ್ರೆಡ್‌ಮಿಲ್ ವಿಷಯ ಬೇರೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನೆಲದ ಮೇಲೆ ನಡೆಯುವಾಗ ಹೊರಡುವುದು, ನಿಲ್ಲುವುದು, ತಿರುಗುವುದು, ಸೋಫಾ ಮೂಲೆ ತಪ್ಪಿಸುವುದು ಎಲ್ಲವೂ ನೀವೇ ಮಾಡಬೇಕು. ಟ್ರೆಡ್‌ಮಿಲ್‌ನಲ್ಲಿ ಇವು ಯಾವುವೂ ಇಲ್ಲ. ಪಟ್ಟಿಯೇ ಕಾಲನ್ನು ಹಿಂದಕ್ಕೆ ಒಯ್ಯುತ್ತದೆ. ಎದುರಿನ ಗೋಡೆ ಅಲ್ಲೇ ಇರುತ್ತದೆ, ಕಣ್ಣಿಗೆ ಮುಂದೆ ಹೋದ ಅನುಭವವೇ ಇಲ್ಲ. ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರಂತೂ ಭಾರ ಕೈಗೆ ಹೋಗುತ್ತದೆ, ಬ್ಯಾಲೆನ್ಸಿಗೆ ಕೆಲಸವೇ ಇರುವುದಿಲ್ಲ.

ಹಾಗಂತ ಟ್ರೆಡ್‌ಮಿಲ್ ದಂಡವಲ್ಲ. ಅದಕ್ಕೆ ಒಂದು ದೊಡ್ಡ ಗುಣವಿದೆ: ಹೆಜ್ಜೆಗಳ ಸಂಖ್ಯೆ. ಅಮೆರಿಕ ಮತ್ತು ಕೆನಡಾದಲ್ಲಿ ಸ್ಟ್ರೋಕ್ ರೋಗಿಗಳ ಫಿಸಿಯೋ ಅವಧಿಗಳನ್ನು ಕೂತು ಎಣಿಸಿದಾಗ, ನಡಿಗೆ ಮಾಡಿಸಿದ ಒಂದು ಅವಧಿಯಲ್ಲಿ ಸರಾಸರಿ 357 ಹೆಜ್ಜೆ ಮಾತ್ರ ಆಗಿದ್ದು ಕಂಡುಬಂತು. ಅಷ್ಟು ಹೆಜ್ಜೆ ನಾವು ಬೀದಿ ಕೊನೆಯ ಅಂಗಡಿಗೆ ಹೋಗಿ ಹಾಲು ತರುವಷ್ಟರಲ್ಲಿ ಆಗಿಬಿಡುತ್ತದೆ. ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷದಲ್ಲಿ ಅದಕ್ಕಿಂತ ಜಾಸ್ತಿ ಹೆಜ್ಜೆ ಹಾಕಬಹುದು. ಹೆಜ್ಜೆಯ ತಾಳವೂ ಸಮನಾಗುತ್ತದೆ. ನಡೆಯಲು ಬರುವವರಲ್ಲಿ ಟ್ರೆಡ್‌ಮಿಲ್ ವೇಗವನ್ನೂ ದೂರವನ್ನೂ ಹೆಚ್ಚಿಸುತ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇದೆ. ನಡೆಯಲು ಬಾರದವರನ್ನು ಸ್ವತಂತ್ರವಾಗಿ ನಡೆಯುವಂತೆ ಮಾಡುವುದು ಅದರ ಕೈಲಾಗಿಲ್ಲ.

ಆದ್ದರಿಂದ ನನ್ನ ಲೆಕ್ಕ ಹೀಗೆ. ದಮ್ಮು ಮತ್ತು ವೇಗ ಬೇಕಾದರೆ ಟ್ರೆಡ್‌ಮಿಲ್. ಬ್ಯಾಲೆನ್ಸ್ ಬೇಕಾದರೆ ನೆಲ. ಮನೆಯಲ್ಲಿ ಟ್ರೆಡ್‌ಮಿಲ್ ಆಗಲೇ ಇದ್ದರೆ ಬಳಸಿ, ಇಲ್ಲದಿದ್ದರೆ ಇದಕ್ಕಾಗಿ ಕೊಳ್ಳಬೇಡಿ. ಆ ದುಡ್ಡಲ್ಲಿ ಒಳ್ಳೆಯ ಶೂ, ಬಚ್ಚಲುಮನೆಗೆ ಹಿಡಿಕೆ, ಕೆಲವು ತಿಂಗಳ ಫಿಸಿಯೋ ಫೀಸು ಎಲ್ಲ ಆಗುತ್ತದೆ.

ಬಳಸುವವರಿಗೆ ಎರಡು ಮಾತು. ಹತ್ತು ಟೈಲ್ಸಿಗೆ 15 ಸೆಕೆಂಡು ತೆಗೆದುಕೊಳ್ಳುವವರ ವೇಗ ಗಂಟೆಗೆ ಒಂದೂವರೆ ಕಿಲೋಮೀಟರಿಗಿಂತ ಕಡಿಮೆ. ನಿಮ್ಮ ಯಂತ್ರದ ಅತಿ ಕಡಿಮೆ ವೇಗವೇ ಅದಕ್ಕಿಂತ ಜಾಸ್ತಿ ಇದ್ದರೆ ಅವರನ್ನು ಅದರ ಮೇಲೆ ಹತ್ತಿಸಲೇಬೇಡಿ. ಇನ್ನೊಂದು, ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಪಟ್ಟಿ ಇದ್ದಕ್ಕಿದ್ದಂತೆ ನಿಂತರೆ ಮೈ ಮುಂದಕ್ಕೆ ಹೋಗುತ್ತದೆ. ಎಳೆದರೆ ಯಂತ್ರ ನಿಲ್ಲಿಸುವ ಸೇಫ್ಟಿ ಕೀ ಬಟ್ಟೆಗೆ ಸಿಕ್ಕಿಸಿರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ

ಬ್ಯಾಲೆನ್ಸಿನ ಮಟ್ಟಿಗೆ ನಿಜವಾದ ಆಯ್ಕೆ ಇರುವುದು ಇಲ್ಲಿ. ಖರ್ಚಿಲ್ಲ, ಯಂತ್ರ ಬೇಡ, ಆದರೂ ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ.

ನೇರ ನಡಿಗೆಯಲ್ಲಿ ಮೈ ತನ್ನ ಓಟದಲ್ಲೇ ಮುಂದೆ ಹೋಗುತ್ತದೆ. ಪಕ್ಕಕ್ಕೆ ಹೆಜ್ಜೆ ಹಾಕುವಾಗ ಆ ಓಟ ಇಲ್ಲ. ಸೋತ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ, ಸೊಂಟದ ಪಕ್ಕದ ಸ್ನಾಯು ಬಿಗಿಹಿಡಿದರೆ ಮಾತ್ರ ಇನ್ನೊಂದು ಕಾಲು ಎದ್ದೇಳುತ್ತದೆ. ನಡೆಯುವಾಗ ಒಂದು ಕಡೆಗೆ ಜೋಲಿ ಹೊಡೆಯುವವರಿಗೆ ಬೇಕಾದ ಸ್ನಾಯು ಅದೇ. ಅಡುಗೆಮನೆ ಕಟ್ಟೆ ಇದಕ್ಕೆ ಹೇಳಿಮಾಡಿಸಿದ ಜಾಗ. ಕಟ್ಟೆಗೆ ಮುಖಮಾಡಿ ನಿಲ್ಲಿಸಿ. ಅಂಗೈ ಕಟ್ಟೆಯ ಮೇಲೆ ಇರಲಿ, ಒತ್ತುವುದು ಬೇಡ. ಗ್ಯಾಸ್ ಸ್ಟವ್ ಕಡೆಗೆ ಐದು ಹೆಜ್ಜೆ, ಸಿಂಕ್ ಕಡೆಗೆ ಐದು ಹೆಜ್ಜೆ. ಒಲೆ ಆರಿಸಿರಲಿ ಅಂತ ಬೇರೆ ಹೇಳಬೇಕಾಗಿಲ್ಲ. ಪಾದದ ಬೆರಳು ಕಟ್ಟೆಯ ಕಡೆಗೇ ಇರಬೇಕು. ಹೊರಕ್ಕೆ ತಿರುಗಿದರೆ ಅವರು ಪಕ್ಕದ ಸ್ನಾಯು ಬಿಟ್ಟು ತೊಡೆಯ ಮುಂಭಾಗದಿಂದ ಕೆಲಸ ತೆಗೆಯುತ್ತಿದ್ದಾರೆ ಅಂತ ಅರ್ಥ.

ಹಿಂದಕ್ಕೆ ನಡೆಯುವುದು ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಕಣ್ಣಿನ ಸಹಾಯ ಇಲ್ಲ. ಸ್ಟ್ರೋಕ್ ಆದ ಕಾಲು ನೇರಕ್ಕೆ ಸೆಟೆದುಕೊಂಡು, ಅರ್ಧಚಂದ್ರದ ಹಾಗೆ ಸುತ್ತಿ ಬರುತ್ತದಲ್ವಾ? ಹಿಂದಕ್ಕೆ ಹೋಗಬೇಕಾದರೆ ತೊಡೆ ಹಿಂದೆ ಹೋಗಬೇಕು, ಅದೇ ಹೊತ್ತಿಗೆ ಮಂಡಿ ಮಡಚಬೇಕು. ಸೆಟೆತ ಮುರಿಯುವುದಕ್ಕೆ ಇದೇ ಅಭ್ಯಾಸ. ಕುರ್ಚಿಗೆ ಕೂರುವ ಮುಂಚಿನ ಎರಡು ಹೆಜ್ಜೆ, ಬಾಗಿಲು ತನ್ನ ಕಡೆಗೆ ಎಳೆದು ತೆಗೆಯುವಾಗಿನ ಹೆಜ್ಜೆ, ಎಲ್ಲ ಹಿಂದಕ್ಕೇ ಇರುತ್ತವೆ.

ಹೇಳಿದ ತಕ್ಷಣ ಯಾರೂ ಒಪ್ಪುವುದಿಲ್ಲ. "ನಾನೇನು ದೆವ್ವನಾ, ಹಿಂದಕ್ಕೆ ನಡೆಯೋಕೆ?" ಅಂತ ಕೇಳಿದ ಅಜ್ಜಿಯೊಬ್ಬರು ನನಗೆ ನೆನಪಿದ್ದಾರೆ. ಸರಿ, ಫ್ರಿಜ್ ಬಾಗಿಲು ತೆಗೀರಿ ಅಜ್ಜಿ ಅಂದೆ. ಅವರ ಅಡುಗೆಮನೆ ಚಿಕ್ಕದು. ಬಾಗಿಲು ತೆರೆಯಬೇಕಾದರೆ ಹಿಂದೆ ಸರಿಯಲೇಬೇಕು. ಎಡಗೈಯಲ್ಲಿ ಹಿಡಿಕೆ ಎಳೆದರು. ಬಲಗಾಲು ಮೊದಲು ಹೊರಗೆ ಸುತ್ತಿ ಹೋಯಿತು, ಹೆಬ್ಬೆರಳು ನೆಲ ಕೆರೆಯಿತು, ಮೈ ಬಲಕ್ಕೆ ವಾಲಿತು. ಸೊಂಟದ ಬೆಲ್ಟಿನಲ್ಲಿ ನನ್ನ ಕೈ ಇತ್ತು, ಆದರೆ ನಾನು ಎಳೆಯಲಿಲ್ಲ. ಅವರೇ ಒಂದು ಕ್ಷಣ ತಡೆದು, ಹಿಮ್ಮಡಿ ಊರಿ, ನೇರ ನಿಂತರು. ಬ್ಯಾಲೆನ್ಸ್ ತರಬೇತಿ ಅಂದರೆ ಆ ಒಂದು ಕ್ಷಣವೇ. ಆಮೇಲೆ ಫ್ರಿಜ್ಜಿನಿಂದ ಮೊಸರು ತೆಗೆಯುವ ಕೆಲಸ ಅವರದ್ದೇ ಆಯಿತು.

ಹಿಮ್ಮುಖ ನಡಿಗೆಗೆ ಗೋಡೆ ಅಥವಾ ಕಟ್ಟೆ ಚೆನ್ನಾಗಿರುವ ಕೈ ಕಡೆಗೆ ಇರಲಿ. ಹಿಡಿದುಕೊಳ್ಳುವವರು ಸೋತ ಕಡೆ, ಸ್ವಲ್ಪ ಹಿಂದೆ ನಿಲ್ಲಲಿ. ಐದಾರು ಹೆಜ್ಜೆಯಿಂದ ಶುರುಮಾಡಿ. ಹಿಂದೆ ಕಾಲೊರೆಸು, ವೈರು, ಮಕ್ಕಳ ಆಟದ ಸಾಮಾನು ಇರಬಾರದು. ಹತ್ತು ಟೈಲ್ಸಿಗೆ 15 ಸೆಕೆಂಡಿಗಿಂತ ಜಾಸ್ತಿ ಬೇಕಾಗುವವರು ಇದನ್ನು ಫಿಸಿಯೋ ಎದುರಿಗಷ್ಟೇ ಮಾಡಲಿ.

ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ, ಗೆರೆಯ ಮೇಲೆ ನಡೆಯುವುದನ್ನು ಯೂಟ್ಯೂಬ್‌ನಲ್ಲಿ ಎಲ್ಲರೂ ತೋರಿಸುತ್ತಾರೆ. ನನಗೆ ಅದರ ಮೇಲೆ ಅಂಥ ಮೋಹವಿಲ್ಲ. ಕಾಲು ಚಾಚಿ ಊರಲು ಕಲಿಯಬೇಕಾದವರಿಗೆ ಪಾದ ಕೂಡಿಸಿ ನಡೆಯಲು ಹೇಳುವುದು ಅವಸರದ ಕೆಲಸ. ಏಳೂವರೆ ಸೆಕೆಂಡಿನೊಳಗೆ ಬಂದವರು ಬೇಕಾದರೆ ಮಾಡಲಿ.

ಅದಕ್ಕಿಂತ ಹೊಸ್ತಿಲು ಮೇಲು. ಮೊದಲು ಟವೆಲ್ ಸುತ್ತಿ ನೆಲದ ಮೇಲಿಟ್ಟು ದಾಟಿಸಿ, ಆಮೇಲೆ ಹೊಸ್ತಿಲಿಗೆ ಬನ್ನಿ. ಹೊಸ್ತಿಲು ತುಳಿಯಬಾರದು ಅನ್ನುವ ರೂಢಿ ಇಲ್ಲಿ ನಮ್ಮ ಸಹಾಯಕ್ಕೆ ಬರುತ್ತದೆ. ಕಾಲೆತ್ತಿ ಅಂತ ನೂರು ಸಲ ಹೇಳಿದರೂ ಎತ್ತದವರು ಹೊಸ್ತಿಲು ಕಂಡರೆ ತಾವಾಗಿ ಎತ್ತುತ್ತಾರೆ. ಸೋತ ಕಾಲನ್ನು ಮೊದಲು ದಾಟಿಸಿದರೆ ಕಾಲೆತ್ತುವ ಅಭ್ಯಾಸವಾಗುತ್ತದೆ. ಚೆನ್ನಾಗಿರುವ ಕಾಲನ್ನು ಮೊದಲು ದಾಟಿಸಿದರೆ, ಅಷ್ಟು ಹೊತ್ತು ಸೋತ ಕಾಲು ಒಂಟಿಯಾಗಿ ಭಾರ ಹೊರಬೇಕು. ಬ್ಯಾಲೆನ್ಸಿಗೆ ಎರಡನೆಯದೇ ಕಷ್ಟ, ಎರಡನೆಯದೇ ಲಾಭ. ಎರಡನ್ನೂ ಮಾಡಿ, ಬಾಗಿಲ ಚೌಕಟ್ಟು ಕೈಗೆ ಸಿಗುವ ಹಾಗೆ ನಿಲ್ಲಿಸಿ.

ಕೋಲಾ, ವಾಕರಾ, ಕೈ ಹಿಡಿಯುವುದಾ?

ವಾಕರ್ ಹಿಡಿಯಲು ಎರಡೂ ಕೈ ಬೇಕು. ಒಂದು ಕೈಗೆ ಹಿಡಿತವೇ ಇಲ್ಲದವರಿಗೆ ವಾಕರ್ ಕೊಟ್ಟರೆ ಅದು ಸೊಟ್ಟಗೆ ಹೋಗುತ್ತದೆ, ಮೈಯೂ ಅದರ ಜೊತೆ ತಿರುಗುತ್ತದೆ. ಎರಡೂ ಕೈ ಸರಿಯಾಗಿದ್ದು ಕಾಲು ಮಾತ್ರ ಸೋತವರಿಗೆ ಸರಿ.

ನಾಲ್ಕು ಕಾಲಿನ ಕೋಲು ಗಟ್ಟಿ. ಮೊದಲ ತಿಂಗಳುಗಳಿಗೆ ಒಳ್ಳೆಯದು. ಆದರೆ ನಾಲ್ಕೂ ಕಾಲು ಒಟ್ಟಿಗೆ ನೆಲಕ್ಕೆ ಊರಬೇಕು. ಅವಸರದಲ್ಲಿ ಎರಡೇ ಕಾಲು ಊರಿದರೆ ಅದೇ ಬೀಳಿಸುತ್ತದೆ. ಅಂಗಳದ ಏರುತಗ್ಗು, ಕಿರಿದಾದ ಮೆಟ್ಟಿಲುಗಳಲ್ಲಿ ಅದರ ಪಾಡು ಕೇಳಬೇಡಿ. ಒಂಟಿ ಕೋಲು ಬ್ಯಾಲೆನ್ಸಿನಿಂದ ಜಾಸ್ತಿ ಕೆಲಸ ಕೇಳುತ್ತದೆ. ಕೋಲಿನ ಮೇಲೆ ಭಾರ ಹಾಕದೆ ಸುಮ್ನೆ ಮುಟ್ಟಿಕೊಂಡು ನಡೆಯುವಷ್ಟು ಸುಧಾರಿಸಿದ ಮೇಲೆ ಅದಕ್ಕೆ ಬದಲಾಯಿಸಿ.

ಕೋಲು ಹಿಡಿದರೆ ಜೀವನವಿಡೀ ಕೋಲೇ ಗತಿ ಅಂತ ಹೆದರುವವರಿದ್ದಾರೆ, ಮುಖ್ಯವಾಗಿ ಗಂಡಸರು. ಹಾಗೇನಿಲ್ಲ. ಬೆರಳ ತುದಿಯಿಂದ ಒಂದು ಗಟ್ಟಿ ವಸ್ತುವನ್ನು ಸುಮ್ಮನೆ ಮುಟ್ಟಿಕೊಂಡರೂ ಸಾಕು, ನಿಂತಾಗಿನ ತೂಗಾಟ ಕಡಿಮೆಯಾಗುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದ್ದಾರೆ. ಮುಟ್ಟಿದ್ದರಿಂದ ಮಿದುಳಿಗೆ ಸುದ್ದಿ ಹೋಗುತ್ತದೆ. ಕೋಲು ಅಂಥ ಸುದ್ದಿಯನ್ನೂ ಕೊಡುತ್ತದೆ. ಅದು ಯಾವಾಗಲೂ ಚೆನ್ನಾಗಿರುವ ಕೈಯಲ್ಲಿರಬೇಕು. ಮೊದಲು ಕೋಲು, ಆಮೇಲೆ ಸೋತ ಕಾಲು, ಆಮೇಲೆ ಇನ್ನೊಂದು ಕಾಲು. ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯವರೆಗೆ ಅದರ ಎತ್ತರ. ಕೆಳಗಿನ ರಬ್ಬರ್ ಸವೆದಿದ್ದರೆ ಇವತ್ತೇ ಬದಲಾಯಿಸಿ. ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

ಕೈ ಹಿಡಿದು ನಡೆಸುವುದರಲ್ಲಿ ನಮ್ಮವರ ಪ್ರೀತಿಯೇ ತೊಂದರೆ ಕೊಡುತ್ತದೆ. ಸೋತ ಕೈಯ ತೋಳನ್ನು ಹಿಡಿದು ಎಳೆಯುವುದು, ಕಂಕುಳಿಗೆ ಕೈಹಾಕಿ ಎತ್ತುವುದು ಎರಡೂ ಬೇಡ. ಆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಎಳೆದರೆ ಕೀಲು ಜಾರುತ್ತದೆ, ತಿಂಗಳುಗಟ್ಟಲೆ ನೋವು. ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿ, ಅದನ್ನು ಹಿಂದಿನಿಂದ ಹಿಡಿಯಿರಿ. ಹಿಡಿತ ಸಡಿಲವಾಗಿರಲಿ. ವಾಲಿದಾಗ ಬೆಲ್ಟು ಬಿಡದೆ ಒಂದು ಕ್ಷಣ ಕಾದು ನೋಡಿ, ಆಮೇಲೆ ಬಿಗಿಹಿಡಿಯಿರಿ.

ಕಾಲಿಗೆ ಏನು ಹಾಕುತ್ತಾರೆ ಅನ್ನುವುದೂ ಇದಕ್ಕೆ ಸೇರಿದ್ದೇ. ಹವಾಯಿ ಚಪ್ಪಲಿ ಸೋತ ಕಾಲಿನಿಂದ ಕಳಚಿ ಹೋದರೂ ಅವರಿಗೆ ಗೊತ್ತಾಗುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ ಬೇಕು. ಪಾದ ಜೋತುಬೀಳುವವರಿಗೆ ಎಎಫ್‌ಓ ಎಂಬ ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಡುತ್ತಾರೆ. ಒಳಗೆ ಚಪ್ಪಲಿ ಹಾಕದ ಮನೆಗಳಲ್ಲಿ ಅದನ್ನು ಬರಿದೇ ಹಾಕಿಕೊಂಡು ಗ್ರಾನೈಟ್ ಮೇಲೆ ಓಡಾಡುತ್ತಾರೆ, ಜಾರುತ್ತದೆ. ಒಳಗಿಗೆಂದೇ ಒಂದು ಜೊತೆ ಹೊಸ ಶೂ ಇಟ್ಟರೆ ಮಡಿಯೂ ಉಳಿಯಿತು, ಕಾಲೂ ಉಳಿಯಿತು. ಸೀರೆ, ನೈಟಿ, ಪಂಚೆ ಕಣಕಾಲಿನ ಮೇಲಿರಲಿ.

ಮನೆಯೊಳಗಾ, ಹೊರಗಾ?

ಏಳೂವರೆಯಿಂದ 15 ಸೆಕೆಂಡಿನ ಗುಂಪಿನವರಿಗೆ ಈ ಪ್ರಶ್ನೆ ಬರುತ್ತದೆ. ತಾರಸಿ ಸಮತಟ್ಟು, ಗಾಡಿಗಳಿಲ್ಲ, ಬೆಳಿಗ್ಗೆ ಬಿಸಿಲು. ಆದರೆ ಅಲ್ಲಿಗೆ ಹೋಗಲು ಮೆಟ್ಟಿಲು ಹತ್ತಬೇಕು. ಪಾರ್ಕಿನಲ್ಲಿ ಕೂರಲು ಬೆಂಚುಗಳಿವೆ, ಮಾತಾಡಲು ಜನರಿದ್ದಾರೆ. ಅಲ್ಲಿನ ಏಳುಬೀಳಿನ ಇಂಟರ್‌ಲಾಕ್ ಇಟ್ಟಿಗೆಗಳು ಪಾದಕ್ಕೆ ಹದವಾದ ಸವಾಲು. ಬೀದಿಯಲ್ಲಿ ಹಂಪ್ಸ್, ಚರಂಡಿ ಮೇಲಿನ ಅಲುಗಾಡುವ ಚಪ್ಪಡಿ, ನಾಯಿ, ಹಿಂದಿನಿಂದ ಹಾರ್ನ್. ಅದು ಕೊನೆಗಿರಲಿ. ಆದರೆ ಬಿಟ್ಟೇಬಿಡುವುದು ಬೇಡ, ಅವರು ಬದುಕಬೇಕಾದ್ದು ಅದೇ ಬೀದಿಯಲ್ಲಿ. ಹಳ್ಳಿಗಳಲ್ಲಿ ಮನೆಯಂಗಳವೇ ಸಾಕು. ಮಲೆನಾಡು, ಕರಾವಳಿಯ ಕಡೆ ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಕಟ್ಟುತ್ತದೆ. ಆ ತಿಂಗಳುಗಳಲ್ಲಿ ಜಗಲಿಯೊಳಗೇ ಪಕ್ಕಕ್ಕೆ, ಹಿಂದಕ್ಕೆ ನಡೆಸಿ.

ಹೊರಗೆ ಹೋಗಲು ತಯಾರಿದ್ದಾರಾ ಅಂತ ತಿಳಿಯಲು ಒಂದು ಸುಲಭ ಉಪಾಯವಿದೆ. ಜೊತೆಯಲ್ಲಿ ನಡೆಯುತ್ತಾ ಒಂದು ಪ್ರಶ್ನೆ ಕೇಳಿ: "ರಾತ್ರಿ ಊಟಕ್ಕೆ ಏನ್ ಮಾಡಿಸೋಣ?" ಉತ್ತರ ಹೇಳಲು ನಿಂತುಬಿಟ್ಟರೆ ಅವರ ಗಮನವೆಲ್ಲ ನಡಿಗೆಗೇ ಬೇಕಾಗುತ್ತಿದೆ. ಮಾತಿಗೆ ನಿಲ್ಲುವ ವೃದ್ಧರು ಮುಂದಿನ ಆರು ತಿಂಗಳಲ್ಲಿ ಜಾಸ್ತಿ ಬೀಳುತ್ತಾರೆ ಅಂತ ಸ್ವೀಡನ್ನಿನವರು 1997ರಲ್ಲೇ ತೋರಿಸಿದ್ದಾರೆ. ಅಂಥವರನ್ನು ಮನೆಯೊಳಗೇ ಮಾತಾಡಿಸುತ್ತಾ ನಡೆಸಿ, ಅರ್ಧ ನೀರಿನ ಲೋಟ ಕೈಗೆ ಕೊಟ್ಟು ನಡೆಸಿ. ಮಾತೇ ಹೋಗಿರುವವರಿಗೆ ಲೋಟ ಸಾಕು, ಪ್ರಶ್ನೆ ಬೇಡ.

ಎಡಗಡೆಯ ಅರಿವೇ ಇಲ್ಲದವರು ಕೆಲವರು ಇರುತ್ತಾರೆ. ತಟ್ಟೆಯ ಎಡಭಾಗದ ಅನ್ನ ಹಾಗೇ ಬಿಡುತ್ತಾರೆ, ಬಾಗಿಲ ಎಡ ಚೌಕಟ್ಟಿಗೆ ಭುಜ ತಾಗಿಸುತ್ತಾರೆ. ಕಾಲಲ್ಲಿ ಎಷ್ಟೇ ಬಲವಿದ್ದರೂ ಅವರಿಗೆ ಬೀದಿ ಬೇಡ, ಟ್ರೆಡ್‌ಮಿಲ್ಲೂ ಬೇಡ. ಚೆನ್ನಾಗಿರುವ ಕೈಯಿಂದಲೇ ತನ್ನನ್ನು ಸೋತ ಕಡೆಗೆ ತಳ್ಳಿಕೊಳ್ಳುವವರೂ ಇದ್ದಾರೆ. ಈ ಇಬ್ಬರ ನಡಿಗೆಯನ್ನೂ ಫಿಸಿಯೋ ನೋಡಿಯೇ ತೀರ್ಮಾನಿಸಬೇಕು.

ಗುಂಪಿನಲ್ಲಿ ಒಂದಾದಮೇಲೊಂದು ಚಟುವಟಿಕೆ ಮಾಡಿಸುವ ತರಗತಿಗಳು ನಡಿಗೆಗೆ ಒಳ್ಳೆಯವು, ಹತ್ತಿರದಲ್ಲಿ ಸಿಕ್ಕರೆ ಸೇರಿಕೊಳ್ಳಿ. ತೈ ಚಿ ಎಂಬ ಚೀನಾದ ನಿಧಾನ ಚಲನೆಯ ವ್ಯಾಯಾಮ ಬ್ಯಾಲೆನ್ಸಿಗೆ ಒಳ್ಳೆಯದೇ, ಕಲಿಸುವವರು ಸಿಗುವುದು ಕಷ್ಟ. ನೀರಿನಲ್ಲಿ ನಡೆಯುವುದು ಹಿತ, ಆದರೆ ಒದ್ದೆ ನೆಲದ ಮೇಲೆ ಕೊಳದವರೆಗೆ ಹೋಗಿಬರುವುದೇ ಅಪಾಯ.

ಎಷ್ಟು, ಯಾವಾಗ

ಅಮೆರಿಕದ ಹೃದಯ ಮತ್ತು ಸ್ಟ್ರೋಕ್ ಸಂಘ 2014ರಲ್ಲಿ ಕೊಟ್ಟ ಸಲಹೆಯ ಪ್ರಕಾರ ದಮ್ಮಿನ ವ್ಯಾಯಾಮ ವಾರಕ್ಕೆ 3ರಿಂದ 5 ದಿನ, ದಿನಕ್ಕೆ 20ರಿಂದ 60 ನಿಮಿಷ. ಅದನ್ನು ಹತ್ತು ಹತ್ತು ನಿಮಿಷವಾಗಿ ಒಡೆದುಕೊಳ್ಳಬಹುದು. ಬ್ಯಾಲೆನ್ಸಿನದು ವಾರಕ್ಕೆ 2–3 ದಿನ. ಮಧ್ಯದ ಗುಂಪಿನ ಒಬ್ಬರಿಗೆ ನಾನು ಬರೆದುಕೊಡುವುದು ಹೀಗಿರುತ್ತದೆ: ಬೆಳಿಗ್ಗೆ ತಿಂಡಿ ಆಗಿ ಒಂದು ಗಂಟೆ ಬಿಟ್ಟು ಹೊರಗೆ ಅಥವಾ ಹಜಾರದಲ್ಲಿ ಹತ್ತು ಹತ್ತು ನಿಮಿಷದ ಎರಡು ನಡಿಗೆ, ನಡುವೆ ಕೂತು ವಿಶ್ರಾಂತಿ. ಸಂಜೆ ದಿನ ಬಿಟ್ಟು ದಿನ ಕಟ್ಟೆ ಮುಟ್ಟಿಕೊಂಡು ಪಕ್ಕಕ್ಕೆ, ಹಿಂದಕ್ಕೆ ನಡೆಯುವುದು, ಹೊಸ್ತಿಲು ದಾಟುವುದು, ತಿರುಗುವುದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರು ಸಾಕು. ತಿಂಗಳಿಗೊಮ್ಮೆ ಹತ್ತು ಟೈಲ್ಸ್ ನಡೆಸಿ ಗುಂಪು ಬದಲಾಗಿದೆಯಾ ನೋಡಿ.

ಬಿಪಿ ಎಷ್ಟಿದ್ದರೆ ಅವತ್ತು ನಡಿಗೆ ಬೇಡ ಅನ್ನುವ ಸಂಖ್ಯೆಯನ್ನು ನಿಮ್ಮ ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯಬಾರದು. ಹಾಸಿಗೆಯಿಂದ ಎದ್ದ ತಕ್ಷಣ ಹೊರಡಬೇಡಿ, ಎರಡು ನಿಮಿಷ ಕೂತಿರಿ. ನಡೆಯುವಾಗ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲಿನ ಬಲ ಇನ್ನಷ್ಟು ಕುಸಿದರೆ ಸುಸ್ತು ಅಂದುಕೊಂಡು ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ.

ಬಿದ್ದರೆ ಏಳುವುದನ್ನೂ ಫಿಸಿಯೋ ಇರುವಾಗಲೇ ಅಭ್ಯಾಸ ಮಾಡಿಸಿ. ಇದನ್ನು ಕಲಿಸುವವರು ಕಡಿಮೆ. ಬಿದ್ದ ತಕ್ಷಣ ನಾಲ್ಕು ಜನ ಸೇರಿ ಎತ್ತಬೇಡಿ. ಎಲ್ಲಿ ನೋವು ಅಂತ ಮೊದಲು ಕೇಳಿ. ಸೊಂಟ, ತೊಡೆಯ ನೋವಿನಿಂದ ಕಾಲು ಅಲುಗಾಡಿಸಲೂ ಆಗದಿದ್ದರೆ ಹಾಗೇ ಮಲಗಿಸಿ ಆಂಬುಲೆನ್ಸ್ ಕರೆಸಿ. ನೋವಿಲ್ಲದಿದ್ದರೆ ಚೆನ್ನಾಗಿರುವ ಮಗ್ಗುಲಿಗೆ ತಿರುಗಿಸಿ, ಆ ಮೊಣಕೈ ಊರಿ ಕೂರಲಿ. ಎದುರಿಗೆ ಗಟ್ಟಿ ಕುರ್ಚಿ ಇಡಿ, ಜಾರದ ಹಾಗೆ ಒಬ್ಬರು ಹಿಡಿಯಿರಿ. ಮಂಡಿಯೂರಿ, ಚೆನ್ನಾಗಿರುವ ಕೈ ಕುರ್ಚಿಯ ಮೇಲಿಟ್ಟು, ಚೆನ್ನಾಗಿರುವ ಪಾದ ಮುಂದೆ ಊರಿ ಅವರೇ ಏಳಲಿ. ಹಿಂದಿನಿಂದ ಇನ್ನೊಬ್ಬರು ಬೆಲ್ಟು ಹಿಡಿದಿದ್ದು, ಇನ್ನೊಂದು ಕುರ್ಚಿ ಅವರ ಕೆಳಗೆ ಸರಿಸಿ. ತಲೆಗೆ ಪೆಟ್ಟು ಬಿದ್ದಿದ್ದು, ಅವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತರಹದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, "ಏನೂ ಆಗಿಲ್ಲ ಬಿಡಿ" ಅಂತ ಅವರೇ ಹೇಳಿದರೂ ಅವತ್ತೇ ಆಸ್ಪತ್ರೆಯಲ್ಲಿ ತೋರಿಸಿ.